ಪಕ್ಕದ ಹರಿಗೋಲು

ಮೊನ್ನೆ ಲಿಂಗಸುಗೂರಿನ ನಮ್ಮ ಮನೆಯ ಗೇಟಿಗೆ ಒತ್ತಿಕೊಂಡಂತೆ ಯಾರೋ ಬೈಕು ನಿಲ್ಲಿಸಿ ಸಂತೆಗೆ ಹೋಗಿಬಿಟ್ಟಿದ್ದರು. ಗೇಟು ಅರ್ಧ ತೆರೆಯುತ್ತಿತ್ತು, ಇನ್ನರ್ಧ ಬೈಕಿನ ಹಿಂದಿನ ಗಾಲಿಗೆ ಬಡಿದು ನಿಲ್ಲುತ್ತಿತ್ತು. ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ನಡೆದರೆ ಹೊರಬೀಳಬಹುದು. ಆದರೆ ನನ್ನ ಹೊಟ್ಟೆ ಹೇಳಿದ ಮಾತು ಕೇಳುವ ವಯಸ್ಸು ದಾಟಿದೆ. ಹಾಲಿನ ಪಾತ್ರೆ ಹಿಡಿದುಕೊಂಡು ಗೇಟಿನ ಒಳಗೇ ನಿಂತೆ. ಬೀದಿಯ ಆ ಬದಿಯೆಲ್ಲ ಖಾಲಿ ಬಿದ್ದಿದೆ. ಅಷ್ಟು ಜಾಗ ಬಿಟ್ಟು ಇಲ್ಲಿಗೇ ಯಾಕೆ ತಂದು ನಿಲ್ಲಿಸಿದ? ನೆರಳಿಗೆ ಎನ್ನೋಣವೆಂದರೆ ನೆರಳು ಇರುವುದೂ ಆ ಬದಿಗೇ.

ಒಳಗಿನಿಂದ ನನ್ನ ಹೆಂಡತಿ ಈರಮ್ಮ ಕೇಳಿದಳು. "ಅಲ್ಲಿ ನಿಂತು ಏನ್ ನೋಡಾಕತ್ತೀರಿ?"

"ಯಾರೋ ಗೇಟಿಗೆ ಹತ್ತಿಸಿ ಬೈಕ್ ಹಚ್ಯಾರ."

"ಬಂದ ಮ್ಯಾಲ ಬೈರಿ."

"ಯಾಕ ಹಚ್ಯಾರಂತ ಮೊದಲ ಗೊತ್ತಾಗಲಿ. ಆಮ್ಯಾಲ ಬೈತೀನಿ."

ಅವಳು ಒಳಗೇ ನಕ್ಕದ್ದು ಕೇಳಿಸಿತು. ಅವಳಿಗೂ ಹೊಳೆಯ ನೀರು ನೆನಪಾಗಿರಬೇಕು.

ನಾನು ಮೊದಲಿನಿಂದಲೂ ಹೀಗೆ ಬೀದಿಯಲ್ಲಿ ನಿಂತು ಕಾರಣ ಹುಡುಕುವ ಮನುಷ್ಯನಲ್ಲ. ನಾನು ಬಸ್ ಕಂಡಕ್ಟರ್ ಆಗಿದ್ದವನು. ಸಿಂಧನೂರು, ಮಸ್ಕಿ, ಲಿಂಗಸುಗೂರು ಎಂದು ಕೂಗುತ್ತಲೇ ನೌಕರಿ ಮುಗಿಸಿದವನು. ನನ್ನ ಬಾಯಿಂದ ದೇವರ ಹೆಸರಿಗಿಂತ, ಹೆಂಡತಿಯ ಹೆಸರಿಗಿಂತ ಹೆಚ್ಚು ಸಲ ಹೊರಬಿದ್ದ ಮಾತೊಂದಿದ್ದರೆ ಅದು "ಸರೀರಿ" ಎಂಬುದು. "ಒಳಗ ಸರೀರಿ, ಒಳಗ ಬೇಕಾದಷ್ಟು ಜಾಗಾ ಐತಿ." ಜಾಗ ಇಲ್ಲವೆಂದು ನನಗೂ ಗೊತ್ತು, ಸರಿಯುವವರಿಗೂ ಗೊತ್ತು. ಆದರೂ ಸರಿಯುತ್ತಿದ್ದರು. ನಾಟಿಯ ಕಾಲದಲ್ಲಿ ತುರ್ವಿಹಾಳದ ಕಡೆ ಗದ್ದೆಗೆ ಹೋಗುವ ಹೆಣ್ಣುಮಕ್ಕಳು ಬುತ್ತಿಗಂಟು ತಲೆಯ ಮೇಲಿಟ್ಟುಕೊಂಡು ಒಬ್ಬರ ಭುಜದ ಮೇಲೊಬ್ಬರು ಗದ್ದವೂರಿ ನಿಂತೇ ನಿದ್ದೆ ತೆಗೆಯುತ್ತಿದ್ದರು. ಬಸ್ಸು ಬ್ರೇಕು ಹಾಕಿದರೂ ಬೀಳುತ್ತಿರಲಿಲ್ಲ, ಬೀಳಲು ಜಾಗ ಬೇಕಲ್ಲ.

ಒಮ್ಮೆ ಸಿಂಧನೂರು ಬಸ್ ನಿಲ್ದಾಣದಲ್ಲಿ ಕಿಟಕಿಯ ಪಕ್ಕದ ಸೀಟಿನ ಮೇಲೆ ಒಂದು ಟವೆಲ್ಲು ಬಿದ್ದಿತ್ತು. ಯಾರೋ ಸೀಟು ಹಿಡಿದು ಚಹಾ ಕುಡಿಯಲು ಹೋಗಿದ್ದಾರೆ ಎಂದು ಎಲ್ಲರೂ ತಿಳಿದರು. ಬಸ್ಸು ಹೊರಟಿತು, ತುಂಬಿತು. ಒಬ್ಬ ಮುದುಕ ಆ ಸೀಟಿನ ಕಂಬಿ ಹಿಡಿದು ಮಸ್ಕಿಯವರೆಗೆ ನಿಂತೇ ಬಂದ. ಕೂತುಕೊಳ್ಳಿ ಎಂದರೆ "ಅವ್ರು ಬಂದು ಏನಾರ ಅಂದಾರು" ಎಂದ. ಲಿಂಗಸುಗೂರಿನಲ್ಲಿ ಎಲ್ಲರೂ ಇಳಿದ ಮೇಲೆ ನಮ್ಮ ಡ್ರೈವರ್ ಹಿಂದೆ ಬಂದು ಟವೆಲ್ಲು ಮುಟ್ಟಿ ನೋಡಿ, ಒಣಗಿದೆ ಎಂದು ಹೆಗಲಿಗೆ ಹಾಕಿಕೊಂಡ. ಬೆಳಿಗ್ಗೆ ಒಗೆದು ಅಲ್ಲಿ ಹರಡಿದ್ದನಂತೆ.

ಇಂಥ ನೌಕರಿಯಿಂದ ನಿವೃತ್ತನಾದವನಿಗೆ ಏನು ಬೇಕು ಹೇಳಿ. ಕೈ ಚಾಚಿದರೆ ಯಾರಿಗೂ ತಾಗದಂಥ ಒಂದು ಜಾಗ. ನನಗೆ ಅಷ್ಟೇ ಬೇಕಾಗಿತ್ತು.

ಅದು ಈರಮ್ಮನ ತವರೂರಿನಲ್ಲಿ ಸಿಕ್ಕಿತು. ಲಿಂಗಸುಗೂರಿನಿಂದ ಉತ್ತರಕ್ಕೆ ಬೈಕಿನಲ್ಲಿ ಹೋದರೆ ಕೃಷ್ಣೆಯ ಹಿನ್ನೀರಿನ ದಂಡೆಗೆ ಅವಳ ಊರು. ಅವಳ ತಮ್ಮ ದುರಗಪ್ಪ ಮೀನು ಹಿಡಿಯುವುದನ್ನು ಬಿಟ್ಟು ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಲಾರಿ ಡ್ರೈವರ್ ಆಗಿದ್ದ. ಅವನ ಹರಿಗೋಲು ಮನೆಯ ಹಿಂದೆ ಬೋರಲು ಬಿದ್ದಿತ್ತು. ಬಿದಿರು ಹೆಣೆದು, ಅಡಿಗೆ ತಾಡಪತ್ರಿ ಹೊಲಿದು ಡಾಂಬರು ಬಳಿದ ದುಂಡನೆಯ ಹರಿಗೋಲು. ಅದರಲ್ಲೇ ಆಡಿ ಬೆಳೆದ ಈರಮ್ಮ, ಬಾಡಿಗೆ ಮನೆಗಳಲ್ಲಿ ಸಂಸಾರ ಮಾಡಿದಷ್ಟು ಕಾಲವೂ ಒಂದೇ ಆಸೆ ಹೇಳುತ್ತಿದ್ದಳು. "ಒಮ್ಮೆರ ಮುಂಜಾನೆ ನೀರಿನ ಮ್ಯಾಲ ಸುಮ್ಮಕ ಕುಂದರಬೇಕ್ರಿ."

ಹೀಗೆ ವಾರಕ್ಕೆರಡು ಬೆಳಗು ನಾವು ನೀರಿಗೆ ಹೋಗತೊಡಗಿದೆವು. ಹಗ್ಗಕ್ಕೆ ಕಟ್ಟಿದ ಗುಂಡುಕಲ್ಲೇ ನಮ್ಮ ಲಂಗರು. ದಂಡೆಯಿಂದ ದೂರ, ನೀರಲ್ಲಿ ಮುಳುಗಿ ಒಣಗಿ ನಿಂತ ಜಾಲಿಗಿಡಗಳ ಹತ್ತಿರ ಕಲ್ಲನ್ನು ಇಳಿಬಿಟ್ಟು, ಗಾಳ ಹಾಕಿ ಕೂರುವುದು. ಸಿಕ್ಕರೆ ಜಿಲೇಬಿ ಮೀನು. ಸಿಗದಿದ್ದರೆ ಮಾತು.

ಮಾತು ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾವು ಜಗಳಗಂಟರಲ್ಲ. ಆದರೆ ಕಂಡಕ್ಟರನ ಹೆಂಡತಿಗೆ ಗಂಡನ ಜೊತೆ ಜಗಳವಾಡಲು ಸಮಯ ಸಿಗುವುದಿಲ್ಲ. ಮಾತು ಅರ್ಧಕ್ಕೆ ಬಂದಾಗ ಅವನ ಡ್ಯೂಟಿಯ ಹೊತ್ತಾಗಿರುತ್ತದೆ. ಹಾಗಾಗಿ ನಮ್ಮ ಸಂಸಾರದ ಎಲ್ಲ ಜಗಳಗಳೂ ಅರ್ಧಕ್ಕೇ ನಿಂತಿದ್ದವು. ನೀರಿನ ಮೇಲೆ ಒಂದೊಂದಾಗಿ ಎದ್ದು ಬಂದವು. ಮಸ್ಕಿಯಲ್ಲಿದ್ದಾಗ ಕಳೆದ ಕೊಡೆ ಯಾರು ಕಳೆದದ್ದು? ಅವಳ ಅಣ್ಣ ತಂದ ಸೀರೆ ಹಸಿರೋ ನೀಲಿಯೋ? ಎಲ್ಲಕ್ಕಿಂತ ದೊಡ್ಡದು ಬಳಗಾನೂರಿನ ಮದುವೆಯದು. ನನ್ನ ಅಕ್ಕನ ಮಗಳ ಮದುವೆಯಲ್ಲಿ ಬಡಿಸಿದ ಸಿಹಿ ಪುಡಿಪುಡಿಯಾದ ಮಾದಲಿ ಎಂದು ನಾನು, ಪಾಯಸದಂಥ ಗೋಧಿ ಹುಗ್ಗಿ ಎಂದು ಅವಳು.

"ಮಾದಲಿ ಮ್ಯಾಲ ತುಪ್ಪ ಸುರದದ್ದು ನನ್ನ ಕಣ್ಣಾಗ ಕಟ್ಟೇತಿ."

"ನಿಮ್ಮ ಕಣ್ಣಾಗ ಕಟ್ಟಿದ್ದು ತುಪ್ಪರೀ. ಹುಗ್ಗಿ ಮ್ಯಾಲೂ ತುಪ್ಪಾನ ಸುರೀತಾರ."

ಇದು ವಾರಗಟ್ಟಲೆ ನಡೆಯಿತು. ಒಬ್ಬರೂ ಸೋಲಲಿಲ್ಲ.

ಆ ದಿನಗಳಲ್ಲೇ ಅವನು ಬಂದ. ಆಚೆ ದಂಡೆಯಿಂದ ಒಂದು ಹರಿಗೋಲು ನಿಧಾನವಾಗಿ ಬಂದು ನಮ್ಮ ಪಕ್ಕದಲ್ಲೇ ನಿಂತಿತು. ಪಕ್ಕ ಎಂದರೆ, ನಾನು ನನ್ನ ಹುಟ್ಟು ಚಾಚಿದ್ದರೆ ಅವನ ಹರಿಗೋಲಿನ ಅಂಚು ತಾಗುತ್ತಿತ್ತೇನೋ. ಹೆಚ್ಚುಕಡಿಮೆ ನನ್ನ ವಯಸ್ಸಿನವನೇ, ತೆಳ್ಳಗೆ, ತಲೆಗೆ ಟವೆಲ್ಲು ಸುತ್ತಿದ್ದ. "ನಮಸ್ಕಾರ್ರೀ" ಎಂದ. ಕಲ್ಲನ್ನು ಸದ್ದಾಗದಂತೆ ನೀರಿಗೆ ಬಿಟ್ಟ. ಆಮೇಲೆ ನಮಗೆ ಬೆನ್ನು ತಿರುಗಿಸಿ ಕೂತ. ಬಿಸಿಲೇರಿದ ಮೇಲೆ "ಬರ್ತೀನ್ರೀ" ಎಂದು ಹೋದ. ನಡುವೆ ಒಂದು ಮಾತಿಲ್ಲ.

ಮುಂದಿನ ಸಲವೂ ಹಾಗೆಯೇ. ಅದರ ಮುಂದಿನ ಸಲವೂ.

ನಾನು ಕಂಗಾಲಾದೆ. ನೋಡಿದಷ್ಟು ದೂರ ನೀರು. ಅಷ್ಟು ನೀರು ಬಿಟ್ಟು ನಮ್ಮ ಪಕ್ಕಕ್ಕೇ ಯಾಕೆ? ಮೀನಿಗಾಗಿ ಬಂದನೆಂದರೆ ಅವನ ಬಲೆ ಹೆಚ್ಚಾಗಿ ಹರಿಗೋಲಿನಲ್ಲೇ ಮಡಚಿ ಬಿದ್ದಿರುತ್ತಿತ್ತು. ಕಳ್ಳತನಕ್ಕೆಂದರೆ ನಮ್ಮಲ್ಲಿ ಇದ್ದದ್ದು ರೊಟ್ಟಿ ಬುತ್ತಿ. ಬೈಯೋಣವೆಂದರೆ ಬರುವಾಗ ನಮಸ್ಕಾರ, ಹೋಗುವಾಗ ನಮಸ್ಕಾರ. ಇಷ್ಟು ಮರ್ಯಾದೆಯಿಂದ ತೊಂದರೆ ಕೊಡುವವನನ್ನು ಬಸ್ಸಿನಲ್ಲೂ ನಾನು ಕಂಡಿರಲಿಲ್ಲ.

"ಕಣ್ಣು ಕಾಣಂಗಿಲ್ಲೇನೋ ಪಾಪ" ಎಂದಳು ಈರಮ್ಮ.

"ಈಗ ಬಲಿಯಾಗಿನ ಗಂಟು ಬಿಚ್ಚಿದ್ದು ನೋಡಿದಿಲ್ಲ? ಕಣ್ಣು ಭೇಷ್ ಅದಾವ. ನಮ್ಮ ಮೀನು ಎಣಸಾಕ ಬಂದಾನ."

"ನಮಗ ಸಿಗೂದ ಎಲ್ಲಿ ಮೀನು? ನೀವು ಮಾತಾಡೂದಕ್ಕ ಎಲ್ಲಾ ಓಡಿ ಹೊಕ್ಕಾವ."

"ನಾ ಮಾತಾಡೂದಕ್ಕೋ, ನೀ ಮಾತಾಡೂದಕ್ಕೋ?"

ಆ ಬೆನ್ನು ಆಗ ಅಲುಗಿದ್ದು ನನಗೆ ಚೆನ್ನಾಗಿ ನೆನಪಿದೆ. ಕೆಮ್ಮು ಎಂದುಕೊಂಡೆ.

ಒಂದು ಬೆಳಿಗ್ಗೆ ಜಾಗ ಬದಲಿಸಿ ನೋಡಿದೆವು. ಜಾಲಿಗಿಡಗಳನ್ನು ಬಿಟ್ಟು ಬಂಡೆಗಳಿರುವ ಬದಿಗೆ ಹೋಗಿ ನಿಂತೆವು. ಸ್ವಲ್ಪ ಹೊತ್ತಿಗೆ ಅವನು ಬಂದ. ಅತ್ತ ಇತ್ತ ನೋಡುತ್ತ, ಹುಟ್ಟು ಹಾಕುತ್ತ, ನಮ್ಮನ್ನು ಕಂಡೊಡನೆ "ಇಲ್ಲಿ ಅದೀರೇನ್ರೀ" ಎಂದ. ಅವನ ಮುಖದಲ್ಲಿ ಸಂತೆಯಲ್ಲಿ ತಪ್ಪಿಸಿಕೊಂಡ ಮನೆಯವರು ಸಿಕ್ಕಂಥ ಸಮಾಧಾನ. ಇನ್ನೊಂದು ದಿನ ಮನೆಯಲ್ಲೇ ಮುನಿಸಿಕೊಂಡು ಬಂದಿದ್ದರಿಂದ ನಾನೂ ಈರಮ್ಮನೂ ನೀರಿನ ಮೇಲೆ ತುಟಿ ಬಿಚ್ಚಲಿಲ್ಲ. ಅವತ್ತು ಅವನು ಕೂತಲ್ಲೇ ಹೊರಳಾಡಿದ, ನೀರಿಗೆ ಕೈ ಅದ್ದಿದ, ಎರಡು ಸಲ ತಿರುಗಿ ನಮ್ಮನ್ನು ನೋಡಿದ. ಆಮೇಲೆ ಬಿಸಿಲೇರುವ ಮೊದಲೇ ಕಲ್ಲೆತ್ತಿಕೊಂಡು ಹೋದ. "ಬರ್ತೀನ್ರೀ" ಎನ್ನುವುದನ್ನೂ ಮರೆತಿದ್ದ. ನನಗೆ ತಲೆಬುಡ ತಿಳಿಯಲಿಲ್ಲ.

ಇನ್ನೊಂದು ಉಪಾಯ ನನಗೆ ಹೊಳೆದದ್ದು ತುರ್ವಿಹಾಳದಿಂದ. ಅದು ನಾನು ಹುಟ್ಟಿದ ಊರು. ಚಿಕ್ಕಂದಿನಲ್ಲಿ ನಮ್ಮ ಅಂಗಳದ ಎಮ್ಮೆಯ ಗೂಟವೂ ಪಕ್ಕದ ಮನೆಯವರ ಎಮ್ಮೆಯ ಗೂಟವೂ ಬಹಳ ಹತ್ತಿರವಿದ್ದವು. ಅವರ ಎಮ್ಮೆ ಹಗ್ಗ ಎಳೆದುಕೊಂಡು ಬಂದು ನಮ್ಮ ಎಮ್ಮೆಯ ಮೇವು ತಿನ್ನುತ್ತಿತ್ತು. ನಮ್ಮವ್ವ ಗೂಟವನ್ನು ಕೀಳಲಿಲ್ಲ, ಜಗಳವನ್ನೂ ಆಡಲಿಲ್ಲ. ನಮ್ಮ ಎಮ್ಮೆಯ ಹಗ್ಗವನ್ನು ಇನ್ನಷ್ಟು ಉದ್ದ ಮಾಡಿದಳು. ನಮ್ಮದು ಹೋಗಿ ಅವರ ಮೇವು ತಿನ್ನತೊಡಗಿತು. ಕೊನೆಗೆ ಎರಡು ಹಗ್ಗಗಳೂ ಜಡೆ ಹೆಣೆದಂತೆ ಸುತ್ತಿಕೊಂಡು, ಎರಡು ಎಮ್ಮೆಗಳೂ ಕೊಂಬಿಗೆ ಕೊಂಬು ಹಚ್ಚಿ ನಿಂತು, ಬಿಡಿಸಲು ಎರಡೂ ಮನೆಯವರು ಬರಬೇಕಾಯಿತು. ಕಥೆಯ ಕೊನೆಯ ಭಾಗವನ್ನು ನಾನು ಮರೆತಿದ್ದೆ. ಹಗ್ಗ ಉದ್ದ ಮಾಡಿದ್ದಷ್ಟೇ ನೆನಪಿತ್ತು. ಲಂಗರಿನ ಹಗ್ಗ ಉದ್ದವಿದ್ದರೆ ನಾವು ಅವನಿಂದ ದೂರ ತೇಲಿ ನಿಲ್ಲುತ್ತೇವೆ ಎಂದು ಲೆಕ್ಕ ಹಾಕಿ, ದುರಗಪ್ಪನ ಹಳೆಯ ಹಗ್ಗವನ್ನು ನಮ್ಮ ಹಗ್ಗಕ್ಕೆ ಗಂಟು ಹಾಕಿದೆ.

"ಗಾಳಿ ತಿರುಗಿದ್ರ ಏನ್ ಮಾಡ್ತೀರಿ?" ಎಂದಳು ಈರಮ್ಮ.

"ನೀ ಸುಮ್ಕಿರು. ಎಲ್ಲಾ ಬರಾಬರಿ ಆಕ್ಕೈತಿ."

ಈ ಸುದ್ದಿ ದುರಗಪ್ಪನ ಕಿವಿಗೆ ಬಿದ್ದದ್ದು ರವಿವಾರ. ಅವನು ಸಿಂಧನೂರಿನಿಂದ ಬಂದು ನಮ್ಮ ಮನೆಯಲ್ಲಿ ಊಟಕ್ಕೆ ಕೂತವನು ತಟ್ಟೆ ಸರಿಸಿದ.

"ಆಚಿ ದಂಡಿಯವನೇನ್ರೀ ಮಾವಾರ? ಅವರು ಮೊದಲಿಂದಾನೂ ನಮ್ಮ ನೀರಿನ ಮ್ಯಾಲ ಕಣ್ಣಿಟ್ಟಾರ. ಇವತ್ತು ಬಾಜು ಬಂದು ನಿಂದರತಾನ, ನಾಳಿಗೆ ಜಾಗಾನ ನಂದು ಅಂತಾನ. ಮುಂದಿನ ವಾರ ನಾನೂ ಬರ್ತೀನಿ. ಅವನ ಲಂಗರದ ಹಗ್ಗ ಕೊಯ್ದು ಬಿಡ್ತೀನಿ. ಗಾಳಿ ಎಲ್ಲಿಗೆ ಒಯ್ತೈತೋ ಒಯ್ಲಿ."

"ಹಂಗ ಮಾಡಬ್ಯಾಡಪಾ" ಎಂದೆ.

"ಮತ್ತ ನೀವ ಕೇಳ್ರಿ. ಕಂಡಕ್ಟರ್ ಇದ್ದವ್ರು, ಬಾಯಿ ಇಲ್ಲೇನು ನಿಮಗ?"

ಅವನು ತಮಾಷೆಗೆ ಹೇಳಿದ್ದಲ್ಲ. ಮೀನಿನ ನೀರಿಗಾಗಿ ಎರಡು ದಂಡೆಯವರು ಹಿಂದೆ ಬಡಿದಾಡಿಕೊಂಡದ್ದನ್ನು ಈರಮ್ಮ ಹುಡುಗಿಯಾಗಿದ್ದಾಗ ಕಂಡಿದ್ದಳು. ಆ ರಾತ್ರಿ ಅವಳು ಸರಿಯಾಗಿ ಊಟ ಮಾಡಲಿಲ್ಲ. ದುರಗಪ್ಪನಿಗಿಂತ ಮೊದಲು ನಾನೇ ಮಾತಾಡಿ ಮುಗಿಸಬೇಕು ಎಂದು ತೀರ್ಮಾನವಾಯಿತು.

ಮರುದಿನ ಬೆಳಿಗ್ಗೆ ಬೈಕಿನ ಮೇಲೆ ದಾರಿಯುದ್ದಕ್ಕೂ ಮಾತನ್ನು ಜೋಡಿಸಿಕೊಂಡೆ. "ಯಜಮಾನ್ರ, ನೀರು ದೊಡ್ಡದೈತಿ, ಸ್ವಲ್ಪ ಸರೀರಿ." ಹೇಳಿಕೊಂಡಷ್ಟೂ ನನಗೇ ವಿಚಿತ್ರವೆನಿಸಿತು. ಜೀವಮಾನವೆಲ್ಲ ಜನರನ್ನು ಹತ್ತಿರ ಸರಿಸಿದ ಮಾತಿನಿಂದಲೇ ಈಗ ಒಬ್ಬನನ್ನು ದೂರ ಸರಿಸಲು ಹೊರಟಿದ್ದೆ. ಮುಂಗಾರಿನ ಮೋಡ ಕಟ್ಟಿತ್ತು, ಗಾಳಿ ಇರಲಿಲ್ಲ. ಅವನು ಎಂದಿನಂತೆ ಬಂದ, ಎಂದಿನಂತೆ ನಮಸ್ಕಾರ ಮಾಡಿದ, ಎಂದಿನಂತೆ ಬೆನ್ನು ಕೊಟ್ಟ. ನಾನು ಗಂಟಲು ಸರಿಮಾಡಿಕೊಂಡೆ. ಈರಮ್ಮ ಮೊಣಕೈಯಿಂದ ತಿವಿದಳು. ಇನ್ನೊಂದು ಸ್ವಲ್ಪ ಹೊತ್ತು ಹೋಗಲಿ ಎಂದೆ. ಹಾಗೇ ಹೊತ್ತೇರಿತು. ಅವನು ಹೋಗಲಿಲ್ಲ, ನಾನು ಹೇಳಲಿಲ್ಲ.

ಆಗ ಗಾಳಿ ಬಂತು. ನಮ್ಮ ದಂಡೆಯ ಕಡೆಯಿಂದ ಒಮ್ಮೆಲೇ ಬಂದು ನೀರನ್ನು ಎಬ್ಬಿಸಿತು. ಅವನ ಹಗ್ಗ ಗಿಡ್ಡ, ಅವನ ಹರಿಗೋಲು ಇದ್ದಲ್ಲೇ ಸ್ವಲ್ಪ ತಿರುಗಿತು. ನಮ್ಮದು ಉದ್ದದ ಹಗ್ಗವಲ್ಲವೇ, ಅಷ್ಟಗಲಕ್ಕೆ ಸುತ್ತು ಹೊಡೆದು ಅವನನ್ನೇ ಬಳಸಿಕೊಂಡು ಬಂದು ಅವನ ಹರಿಗೋಲಿಗೆ ಬಡಿಯಿತು. ನೀರೊಳಗೆ ಎರಡೂ ಹಗ್ಗ ಹೆಣೆದುಕೊಂಡವು. ಎರಡನೇ ಸಲ ಬಡಿದಾಗ ನಮ್ಮ ಅಂಚಿನ ಒಂದು ಬಿದಿರು ಮುರಿದು, ಅದರ ಚೂಪಿಗೆ ತಾಡಪತ್ರಿ ಹರಿಯಿತು. ಕಾಲಡಿಗೆ ತಣ್ಣಗಾಯಿತು. ನೋಡಿದರೆ ರೊಟ್ಟಿಯ ಬುತ್ತಿ ತೇಲುತ್ತಿದೆ.

ನನಗೆ ಈಜು ಬರುತ್ತದೆ, ಆದರೆ ಕಾಲುವೆಯ ಈಜು. ಎರಡೂ ಬದಿಗೆ ದಂಡೆ ಕಾಣುವ ನೀರಿನಲ್ಲಿ ಕಲಿತದ್ದು. ಇಲ್ಲಿ ದಂಡೆ ಎಲ್ಲಿದೆ ಎಂಬುದೇ ತಿಳಿಯಲಿಲ್ಲ. ಅವನು ಆ ಹೊತ್ತಿಗೆ ನಮ್ಮ ಅಂಚನ್ನು ಎರಡೂ ಕೈಯಿಂದ ಹಿಡಿದಿದ್ದ.

"ತಂಗಿ, ಈ ಕಡಿ ಬಾ. ಕುಂತಕೊಂಡ ಬಾ, ಎದ್ದು ನಿಂದರಬ್ಯಾಡ."

ಈರಮ್ಮ ಸರಿದು ಆಚೆ ದಾಟಿದಳು. ಆಮೇಲೆ ನಾನು. ಅದು ಹೇಗೆ ದಾಟಿದೆನೋ ನನಗೆ ಗೊತ್ತಿಲ್ಲ. ಎರಡು ಹರಿಗೋಲುಗಳ ನಡುವೆ ಹೊಟ್ಟೆಯ ಮೇಲೆ ಮಲಗಿದ್ದೆ, ಈರಮ್ಮ ನನ್ನ ಅಂಗಿಯ ಕೊರಳು ಹಿಡಿದು ಎಳೆಯುತ್ತಿದ್ದಳು ಎಂಬುದಷ್ಟೇ ನೆನಪು. ಹಗ್ಗ ಬಿಡಿಸಲು ಬರಲಿಲ್ಲ. ಅವನು ಸೊಂಟದಿಂದ ಚಾಕು ತೆಗೆದು ತನ್ನ ಹಗ್ಗವನ್ನೂ ನಮ್ಮ ಹಗ್ಗವನ್ನೂ ಕೊಯ್ದ. ಮುಳುಗುತ್ತಿದ್ದ ನಮ್ಮ ಹರಿಗೋಲನ್ನು ಹಿಂದೆ ಕಟ್ಟಿಕೊಂಡು, ಗಾಳಿ ಒಯ್ದ ಕಡೆಗೇ ಹುಟ್ಟು ಹಾಕತೊಡಗಿದ. ಗಾಳಿ ಒಯ್ಯುತ್ತಿದ್ದದ್ದು ಅವನ ದಂಡೆಗೆ.

ಜೀವ ಉಳಿಯಿತು ಎಂದು ಗೊತ್ತಾದ ಕೂಡಲೇ ನನಗೆ ಸಿಟ್ಟು ಬಂತು. ಅದು ಅಷ್ಟು ಹೊತ್ತು ಎಲ್ಲಿತ್ತೋ.

"ಇಷ್ಟು ದೊಡ್ಡ ನೀರಾಗ ನಿನಗ ಬ್ಯಾರೆ ಜಾಗಾ ಸಿಗಲಿಲ್ಲೇನೋ ಮಾರಾಯ? ನಮ್ಮ ಬಾಜೂಕ ಬಂದು ನಿಂದರತೀಯಲ್ಲ ದಿನಾ, ಯಾಕ?"

"ಹಗ್ಗ ಉದ್ದ ಬಿಟ್ಟವ್ರು ನೀವು" ಎಂದಳು ಈರಮ್ಮ. "ಗಾಳಿ ತಿರುಗಿದ್ರ ಏನ್ ಮಾಡ್ತೀರಿ ಅಂತ ನಾ ಕೇಳಿದ್ದಿಲ್ಲ?"

"ನೀ ಕೇಳಿದ್ದು ಹೋದ ವಾರ."

"ಹೋದ ವಾರ ಕೇಳಿದ್ರ ಈ ವಾರ ಗಾಳಿ ಬರಬಾರದೇನು?"

ಅವನು ಹುಟ್ಟು ಹಾಕುತ್ತಲೇ ಇದ್ದ. ತಿರುಗದೆಯೇ, ಬಹಳ ಸಂಕೋಚದಿಂದ ಕೇಳಿದ. "ಅಣ್ಣಾರ, ಒಂದು ಮಾತು ಕೇಳ್ಲೇನ್ರೀ?"

"ಕೇಳು."

"ಆ ಬಳಗಾನೂರು ಮದುವ್ಯಾಗ ಕಡೀಕ ಬಡಿಸಿದ್ದು ಮಾದಲಿನೋ, ಹುಗ್ಗಿನೋ?"

ನಾನು ಬೈಯಲು ತೆರೆದ ಬಾಯಿಂದಲೇ "ಮಾದಲಿ" ಎಂದೆ. ಅದೇ ಕ್ಷಣಕ್ಕೆ ಈರಮ್ಮ "ಹುಗ್ಗಿ" ಎಂದಳು. ಅವನ ಭುಜಗಳು ಅಲುಗಿದವು. ಅದು ಕೆಮ್ಮಲ್ಲ.

ಅವನ ಹೆಸರು ಯಮನೂರಪ್ಪ. ಹೆಂಡತಿ ದ್ಯಾಮವ್ವ. ಉಳಿದದ್ದನ್ನು ಅವನು ನೀರನ್ನು ನೋಡುತ್ತ ಹೇಳಿದ.

"ನಮ್ಮಾಕಿಗೆ ಲಕ್ವಾ ಹೊಡದೈತ್ರೀ. ಹೋದ ವರ್ಷ, ಜ್ವಾಳದ ಸುಗ್ಗಿ ಮುಂದ. ಬಲಗೈ ಹೋತು, ಬಲಗಾಲು ಹೋತು, ಮಾತೂ ಹೋತು. ಮೊದಲ ಅಕಿ ಇದ ಹರಿಗೋಲಿನ್ಯಾಗ ನನ್ನ ಎದುರಿಗೆ ಕುಂದರತಿದ್ದಳು. ನಾ ಏನಂದ್ರೂ ಅಲ್ಲ ಅಂತಿದ್ದಳು. ಮೀನು ಇಲ್ಲಿ ಅದಾವ ಅಂದ್ರ ಅಲ್ಲಿ ಅಂತಿದ್ದಳು. ಈಗ ಮನಿಗೆ ಹೋದ್ರ ಗ್ವಾಡಿ ನೋಡಿಕೋತ ಮಲಗಿರ್ತಾಳ. ಒಂದಿನ ಗಾಳ್ಯಾಗ ನಿಮ್ಮಿಬ್ಬರ ಮಾತು ಕೇಳಿಸ್ತು. ಕೊಡಿ ಕಳಕೊಂಡಿದ್ದು ಯಾರು ಅಂತ ಜಗಳ ಆಡಾಕತ್ತಿದ್ರಿ. ಮನಿಗೆ ಹೋಗಿ ಅಕಿ ಮುಂದ ಹೇಳಿದೆ. ನಕ್ಕಳ್ರೀ. ಲಕ್ವಾ ಹೊಡೆದ ಮ್ಯಾಲ ನಕ್ಕಿದ್ದ ಇಲ್ಲ. ಮರುದಿನ ಕಣ್ಣಿಲೇ ಕೇಳಿದಳು, ಮುಂದ ಏನಾತು ಅಂತ."

"ದೂರ ನಿಂತು ಕೇಳಬೇಕಿತ್ತಪಾ" ಎಂದೆ. ನನ್ನ ದನಿ ಆಗಲೇ ಇಳಿದಿತ್ತು.

"ದೂರ ನಿಂತರ ಅರ್ಧ ಮಾತು ಗಾಳಿ ಒಯ್ತಿತ್ತು. ಅರ್ಧ ಒಯ್ದು ಹೇಳಿದ್ರ ಅಕಿ ಬಿಡಂಗಿಲ್ಲ. ಸಿಟ್ಟಾಗತಾಳ. ಅದಕ್ಕ ಒಂದೀಟು ಸನೇಕ ಬಂದೆ."

"ನಮ್ಮನ್ನ ಕೇಳಬಹುದಿತ್ತಲ್ಲಣ್ಣ" ಎಂದಳು ಈರಮ್ಮ.

"ಏನಂತ ಕೇಳ್ಲಿ ತಂಗಿ? ನಿಮ್ಮ ಜಗಳ ಕೇಳಾಕ ಬಂದೀನಿ, ಚಲೋತ್ನಾಗಿ ಜಗಳ ಆಡ್ರಿ ಅಂತ ಕೇಳ್ಲೇನು?"

ಇಷ್ಟು ದಿನ ನಾವಾಡಿದ್ದೆಲ್ಲ ಒಂದೊಂದಾಗಿ ನೆನಪಾಗಿ ಕಿವಿ ಬಿಸಿಯಾಯಿತು. ನನ್ನ ಗೊರಕೆಯ ಬಗ್ಗೆ ಈರಮ್ಮ ಹೇಳಿದ್ದು, ಅವಳ ತಮ್ಮಂದಿರ ಬಗ್ಗೆ ನಾನು ಹೇಳಿದ್ದು, ಎಲ್ಲ ಆಚೆ ದಂಡೆಯ ಒಂದು ಮನೆಯಲ್ಲಿ ದಿನವೂ ಬಿಚ್ಚಿಕೊಂಡಿತ್ತು.

"ನಿನ್ನ ಬಗ್ಗೆ ನಾವು ಮಾತಾಡಿದ್ದೂ ಹೇಳೀಯೇನು?" ಎಂದು ಕೇಳಿದೆ.

"ನಮ್ಮ ಮೀನು ಎಣಸಾಕ ಬಂದಾನ ಅಂದ್ರಲ್ಲ, ಅದು ಅಕಿಗೆ ಭಾಳ ಸೇರ್ತರೀ."

ಅವನ ಮನೆ ದಂಡೆಗೆ ಹತ್ತಿರವೇ ಇತ್ತು. ಬಾಗಿಲ ಬಳಿ ಹೊರಸಿನ ಮೇಲೆ ದ್ಯಾಮವ್ವ ದಿಂಬಿಗೆ ಒರಗಿ ಕೂತಿದ್ದಳು. ನೀರಿಳಿಯುವ ಬಟ್ಟೆಯಲ್ಲಿ ನಾವಿಬ್ಬರು ಒಳಗೆ ಬಂದಾಗ ಗಾಬರಿಯಾದಳು. "ಇವ್ರ ನೋಡ ಬೇ, ಅವ್ರು" ಎಂದ ಯಮನೂರಪ್ಪ. ಅವಳ ಕಣ್ಣು ದೊಡ್ಡದಾಯಿತು. ಕಥೆಯೊಳಗಿನ ಮನುಷ್ಯ ಎದ್ದು ಮನೆಗೆ ಬಂದರೆ ನೋಡುವಂತೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಹೊಟ್ಟೆಯ ಹತ್ತಿರ ಕಣ್ಣು ಸ್ವಲ್ಪ ನಿಂತಿತು. ಅರ್ಧ ತುಟಿಯಲ್ಲಿ ನಕ್ಕಳು. ಎಡಗೈಯಿಂದ ಈರಮ್ಮನನ್ನು ಕರೆದು ಪಕ್ಕಕ್ಕೆ ಕೂರಿಸಿಕೊಂಡು, ಅದೇ ಕೈಯನ್ನು ತುತ್ತು ಉಣ್ಣುವಂತೆ ಬಾಯಿಗೆ ಒಯ್ದು, ಹುಬ್ಬು ಹಾರಿಸಿದಳು.

"ಹುಗ್ಗಿ, ಅಕ್ಕಾ" ಎಂದಳು ಈರಮ್ಮ.

ಈಗ ನನ್ನ ಸರದಿ. "ಮಾದಲಿ" ಎಂದೆ, ಎಲ್ಲರಿಗೂ ಕೇಳುವಂತೆ. ಬಸ್ಸಿನಲ್ಲಿ ಊರಿನ ಹೆಸರು ಕೂಗಿದಂತಾಯಿತು. ಈರಮ್ಮ "ಅಲ್ರೀ, ಹುಗ್ಗಿ" ಎಂದಳು, ಪಾಠ ಒಪ್ಪಿಸಿದಂತೆ. ನಾನು ತುಪ್ಪದ ಮಾತು ತೆಗೆದೆ. ಅವಳು ಅದಕ್ಕೆ ಹೇಳಬೇಕಾದದ್ದನ್ನೇ ಮರೆತಳು. ಇಷ್ಟು ವಾರ ತಡೆಯಿಲ್ಲದೆ ಹರಿದ ಜಗಳ ಬೇಕೆಂದಾಗ ಬರಲೊಲ್ಲದು. ದ್ಯಾಮವ್ವ ನಮ್ಮಿಬ್ಬರನ್ನೂ ನೋಡಿ ನೋಡಿ ಮೆಲ್ಲಗೆ ತಲೆ ತಗ್ಗಿಸಿದಳು. ಸಾಕು ಬಿಡಿ ಎನ್ನುವಂತಿತ್ತು. ನಾವು ಬಂದು ಅವಳಿಗಿದ್ದ ಒಂದು ಸುಖವನ್ನೂ ಹಾಳು ಮಾಡಿದೆವೋ ಏನೋ ಎಂದು ನನಗೆ ಎದ್ದು ಹೋಗುವಂತಾಯಿತು. ಈರಮ್ಮ ಸೆರಗು ಹಿಂಡುತ್ತ ಕೂತಿದ್ದಳು.

ಯಮನೂರಪ್ಪ ಒಲೆಯ ಮೇಲೆ ಚಹಾ ಇಟ್ಟು, ಮೌನ ತುಂಬಲಿಕ್ಕೆಂದು, ನಡೆದದ್ದನ್ನು ಅವಳಿಗೆ ಹೇಳತೊಡಗಿದ.

"ಗಾಳಿ ಬಂತು ನೋಡ ಬೇ. ನಾ ಇವ್ರಿಂದ ಎರಡು ಮಾರು ದೂರಕ್ಕ ಲಂಗರ ಹಾಕಿದ್ದೆ..."

"ಉಂಹೂಂ" ಎಂದಳು ದ್ಯಾಮವ್ವ.

ಅವನು ನಿಂತ. "ಏನ್ ಉಂಹೂಂ?"

ಅವಳು ಎಡಗೈ ಎತ್ತಿ, ಹೆಬ್ಬೆರಳನ್ನೂ ಕಿರುಬೆರಳನ್ನೂ ಚಾಚಿ ತೋರಿಸಿದಳು. ಒಂದು ಗೇಣು.

"ಗೇಣೇನು? ನೀ ಅಲ್ಲಿದ್ದೇನು? ಎರಡು ಮಾರು ಇತ್ತು."

"ಉಂಹೂಂ."

"ಇವ್ರನ್ನ ಕೇಳು ಬೇಕಾರ."

ಅವಳು ನಮ್ಮ ಕಡೆ ನೋಡಲೇ ಇಲ್ಲ. ಗೇಣು ಹಾಗೇ ಗಾಳಿಯಲ್ಲಿತ್ತು. ಯಮನೂರಪ್ಪ ಒಲೆ ಬಿಟ್ಟು ಅವಳ ಮುಂದೆ ಬಂದು ಕೂತು ಎರಡೂ ತೋಳು ಅಗಲಿಸಿದ. "ಇಂಥವು ಎರಡು." ಅವಳು ಅವನ ಒಂದು ತೋಳನ್ನು ಹಿಡಿದು ಒಳಗೆ ತಳ್ಳಿದಳು. ಅವನು ಮತ್ತೆ ಚಾಚಿದ. ಅವಳು ಮತ್ತೆ ತಳ್ಳಿದಳು, ಈ ಸಲ ಸಿಟ್ಟಿನಿಂದ. ಅವನ ದನಿ ಏರಿತು. ಅದು ನೀರಿನ ಮೇಲೆ ನಾವು ಕೇಳಿದ್ದ ಸಂಕೋಚದ ದನಿಯಲ್ಲ. "ಎಲ್ಲಾದಕ್ಕೂ ಅಲ್ಲ ಅಂತೀ ನೀ, ಮೊದಲಿಂದಾನೂ ಹಿಂಗ" ಎಂದು ಹೇಳಿದವನು, ಹೇಳಿದ್ದೇನೆಂದು ತಿಳಿದು, ಸುಮ್ಮನೆ ಅವಳ ಮುಖ ನೋಡುತ್ತ ಕೂತ. ಅವಳು ಸೋಲಲು ಸಿದ್ಧಳಿರಲಿಲ್ಲ. ಗೇಣನ್ನು ಅವನ ಮೂಗಿನ ಹತ್ತಿರ ಹಿಡಿದಳು.

ಒಲೆಯ ಮೇಲೆ ಚಹಾ ಉಕ್ಕಿ ಸುರಿಯಿತು. ಇಳಿಸಿದ್ದು ಈರಮ್ಮ.

ಹರಿದ ಹರಿಗೋಲನ್ನು ದುರಗಪ್ಪ ಹೊಲಿದುಕೊಟ್ಟ. ಕಥೆಯೆಲ್ಲ ಹೇಳಿದೆವು. ಸೂಜಿ ನಿಲ್ಲಿಸಿ ಕೇಳಿದ. "ಜಗಳ ಕೇಳಾಕಂತ ಬರ್ತಿದ್ದನಾ?" ಸ್ವಲ್ಪ ಹೊಲಿದು ಮತ್ತೆ ಅದನ್ನೇ ಕೇಳಿದ. ಹಗ್ಗ ಕೊಯ್ಯುವ ಮಾತನ್ನು ಮಾತ್ರ ಮತ್ತೆ ಎತ್ತಲಿಲ್ಲ.

ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ ನಾವು ಮತ್ತೆ ಹೋದೆವು. ಜಾಲಿಗಿಡದ ಹತ್ತಿರ ಕಲ್ಲಿಳಿಸಿ ಕಾದೆವು. ಕಾಯುತ್ತಿದ್ದೇವೆ ಎಂದು ಇಬ್ಬರೂ ಒಪ್ಪಿಕೊಳ್ಳಲಿಲ್ಲ. ಬಹಳ ಹೊತ್ತಿನ ಮೇಲೆ ಯಮನೂರಪ್ಪನ ಹರಿಗೋಲು ಕಂಡಿತು. ಅದರಲ್ಲಿ ದಿಂಬುಗಳ ನಡುವೆ ಇನ್ನೊಬ್ಬರು ಕೂತಿದ್ದರು. ಅವನು ದೂರದಿಂದಲೇ ಕೈಯೆತ್ತಿ ನಮಸ್ಕಾರ ಮಾಡಿದ. ನಮ್ಮ ಕಡೆಗೆ ಬರಲಿಲ್ಲ. ತನ್ನ ದಂಡೆಯ ಹತ್ತಿರವೇ, ನೀರು ಕಡಿಮೆ ಇದ್ದಲ್ಲಿ, ಕಲ್ಲಿಳಿಸಿದ.

ನಮ್ಮ ಸುತ್ತ ನಾನು ಬಯಸಿದಷ್ಟು ಜಾಗವಿತ್ತು. ಕೈ ಚಾಚಿದರೆ ಯಾರಿಗೂ ತಾಗುವಂತಿರಲಿಲ್ಲ. ಗಾಳ ಹಾಕಿ ಕೂತೆವು. ಸ್ವಲ್ಪ ಹೊತ್ತಿಗೆ ನೀರಿನ ಮೇಲಿನಿಂದ ಯಮನೂರಪ್ಪನ ದನಿ ತೇಲಿ ಬಂತು, ಏರಿದ ದನಿ. ಏನೆಂದು ತಿಳಿಯಲಿಲ್ಲ. ಆಮೇಲೆ ಇನ್ನೊಂದು ಸಣ್ಣ ದನಿ.

ಈರಮ್ಮ ಕಿವಿಗೆ ಕೈ ಹಚ್ಚಿ ಅತ್ತ ತಿರುಗಿದಳು.

"ಏನಂತಾರ?" ಎಂದೆ.

"ಕೇಳಸವಲ್ದು" ಎಂದಳು. "ಕಲ್ಲು ಎತ್ರಿ. ಒಂದೀಟು ಸನೇಕ ಹೋಗೂಣು."